ಮನೆ, ಮಗು ಮತ್ತು ಮೂರು ದಿನಗಳ ಗಡುವು: ಕೌಟುಂಬಿಕ ದೌರ್ಜನ್ಯ ಕಾಯ್ದೆಯೂ ನ್ಯಾಯಮೂರ್ತಿ ನಾಗರತ್ನ ಅವರ ತೀರ್ಪುಗಳೂ

ಮಂಡ್ಯ, ಮೈಸೂರು ಜಿಲ್ಲೆಗಳ ತಾಲ್ಲೂಕು ನ್ಯಾಯಾಲಯಗಳಲ್ಲಿ ‘ಡಿ.ವಿ. ಕೇಸು’ ಎಂದರೆ ವಕೀಲರಿಗೂ ಕಕ್ಷಿದಾರರಿಗೂ ತಕ್ಷಣ ಅರ್ಥವಾಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 12ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಸಲ್ಲಿಸುವ ಅರ್ಜಿಗೆ ಬಿದ್ದಿರುವ ಹೆಸರು ಅದು. ಹೆಸರು ಇಷ್ಟು ಪರಿಚಿತವಾಗಿದ್ದರೂ ಈ ಅರ್ಜಿಯ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳು ನಮ್ಮ ಊರುಗಳಲ್ಲಿ ಆಳವಾಗಿ ಬೇರೂರಿವೆ. ಅರ್ಜಿ ಹಾಕಿದ ಕೂಡಲೇ ಗಂಡನನ್ನು ಜೈಲಿಗೆ ಕಳುಹಿಸುತ್ತಾರೆ ಎಂಬುದು ಮೊದಲನೆಯದು. ಗಂಡನ ಮನೆಯ ಹೊಸಿಲು ದಾಟಿ ಬಂದವಳಿಗೆ ಆ ಮನೆಯಲ್ಲಿ ಇನ್ನು ಯಾವ ಹಕ್ಕೂ ಉಳಿಯುವುದಿಲ್ಲ ಎಂಬುದು ಎರಡನೆಯದು. ಮೊದಲನೆಯದರ ಭಯದಿಂದ ತವರಿನವರು ಅರ್ಜಿ ಹಾಕಲು ಹಿಂಜರಿಯುತ್ತಾರೆ. ಎರಡನೆಯದನ್ನು ನಂಬಿದ ಹೆಣ್ಣುಮಗಳು ಹೊಡೆತ ತಿಂದರೂ ಮನೆ ಬಿಟ್ಟು ಕದಲುವುದಿಲ್ಲ. ಎರಡೂ ಕಾನೂನಿನ ಪ್ರಕಾರ ಸರಿಯಲ್ಲ.

ಇದು ಕೆಲವೇ ಮನೆಗಳ ವಿಷಯವೂ ಅಲ್ಲ. 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಒಂದಲ್ಲ ಒಂದು ಸಮಯದಲ್ಲಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಹಿಂಸೆಯೇ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂದು ಚರ್ಚಿಸಬಹುದು. ಆದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮನೆಗಳನ್ನು ಮುಟ್ಟುವ ಕಾಯ್ದೆಯೊಂದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಎಲ್ಲರಿಗೂ ಅಗತ್ಯ ಎಂಬುದರಲ್ಲಿ ಚರ್ಚೆಯಿಲ್ಲ.

ಈ ಕಾಯ್ದೆಯನ್ನು ಅರ್ಥ ಮಾಡಿಕೊಳ್ಳಲು ಒಬ್ಬ ನ್ಯಾಯಮೂರ್ತಿಯ ವೃತ್ತಿಜೀವನವನ್ನು ಹಿಂಬಾಲಿಸುವುದು ಒಳ್ಳೆಯ ದಾರಿ ಎಂದು ನನಗೆ ಅನ್ನಿಸುತ್ತದೆ. ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅವರ ತಂದೆ, 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯ, ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಇಂಗಲಗುಪ್ಪೆಯ ಮೂಲದವರು. ನಾಗರತ್ನ ಅವರು 1987ರಲ್ಲಿ ಬೆಂಗಳೂರಿನಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು, 2008ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿಯಾದರು, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅವರನ್ನು ಕುರಿತ ಸುದ್ದಿಗಳಲ್ಲಿ ನೋಟು ರದ್ದತಿಯ ಪ್ರಕರಣದ ಭಿನ್ನಮತದ ತೀರ್ಪಿಗೆ ಹೆಚ್ಚಿನ ಸ್ಥಾನ ಸಿಕ್ಕಿದೆ. ಆದರೆ ಮದ್ದೂರಿನ ಅಥವಾ ಹುಣಸೂರಿನ ಒಬ್ಬ ಹೆಣ್ಣುಮಗಳ ದಿನನಿತ್ಯದ ಬದುಕನ್ನು ನೇರವಾಗಿ ತಟ್ಟುವುದು ಮನೆ, ಜೀವನಾಂಶ ಮತ್ತು ಮಕ್ಕಳನ್ನು ಕುರಿತು ಅವರು ಬರೆದ ತೀರ್ಪುಗಳು, ಹೊರಡಿಸಿದ ಆದೇಶಗಳು.

ಮೊದಲು ಕಾಯ್ದೆಯ ಸ್ವರೂಪ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯ್ದೆ ಶಿಕ್ಷೆ ವಿಧಿಸುವುದಕ್ಕಾಗಿ ಹುಟ್ಟಿದ್ದಲ್ಲ. ಶಿಕ್ಷೆಗೆ ಬೇರೆ ಕಾನೂನಿದೆ: 1983ರಲ್ಲಿ ದಂಡ ಸಂಹಿತೆಗೆ ಸೇರಿದ 498ಎ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅಲ್ಲಿ ದೂರು ಪೊಲೀಸರಿಗೆ ಹೋಗುತ್ತದೆ, ತನಿಖೆಯಾಗುತ್ತದೆ, ಅಪರಾಧ ಸಾಬೀತಾದರೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಡಿ.ವಿ. ಅರ್ಜಿಯ ಉದ್ದೇಶ ಇಂದು ರಾತ್ರಿ ತಲೆಯ ಮೇಲೆ ಸೂರು, ನಾಳೆಯ ಊಟಕ್ಕೆ ಹಣ, ಮೈಮೇಲೆ ಕೈ ಬೀಳದಂತೆ ತಡೆ, ಮಕ್ಕಳು ತಾಯಿಯ ಜೊತೆಗಿರುವ ವ್ಯವಸ್ಥೆ. ಹೊಡೆತ ಮಾತ್ರವಲ್ಲ, ಲೈಂಗಿಕ ಹಿಂಸೆ, ಹೀನಾಯವಾದ ಬೈಗುಳ, ಮಾನಸಿಕ ಕಿರುಕುಳ, ಸಂಬಳ ಅಥವಾ ಒಡವೆ ಕಿತ್ತುಕೊಳ್ಳುವುದು, ಮನೆಖರ್ಚಿಗೆ ಹಣ ಕೊಡದಿರುವುದು, ಇವೆಲ್ಲವೂ ಇಲ್ಲಿ ದೌರ್ಜನ್ಯವೇ. ಗಂಡನಿಗೆ ಹೋಗುವುದು ನೋಟಿಸ್. ಬಂಧನದ ಪ್ರಶ್ನೆ ಈ ಹಂತದಲ್ಲಿ ಬರುವುದಿಲ್ಲ. ನ್ಯಾಯಾಲಯ ಕೊಟ್ಟ ಸಂರಕ್ಷಣಾ ಆದೇಶವನ್ನು ಅವನು ಉಲ್ಲಂಘಿಸಿದರೆ ಮಾತ್ರ ಅದು ಅಪರಾಧವಾಗುತ್ತದೆ, ಆಗ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಒಂದು ಕಲ್ಪಿತ ಉದಾಹರಣೆಯ ಮೂಲಕ ಮುಂದೆ ಹೋಗೋಣ. ತವರು ನಂಜನಗೂಡು ತಾಲ್ಲೂಕಿನಲ್ಲಿ. ಮದುವೆಯಾಗಿ ಹೋದದ್ದು ಮದ್ದೂರು ತಾಲ್ಲೂಕಿನ ಹಳ್ಳಿಗೆ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಗಂಡ ಕಬ್ಬು ಬೆಳೆಯುವ ರೈತ. ಮನೆ ಮಾವನ ಹೆಸರಿನಲ್ಲಿದೆ. ಒಂದು ರಾತ್ರಿ ಹೊಡೆತ ತಾಳಲಾರದೆ ಆಕೆ ಮಗನನ್ನು ಎತ್ತಿಕೊಂಡು ತವರಿಗೆ ಬಂದಿದ್ದಾಳೆ, ಮಗಳನ್ನು ಕಳುಹಿಸಿಕೊಡಲು ಗಂಡನ ಮನೆಯವರು ಒಪ್ಪಲಿಲ್ಲ.

ಆಕೆ ಮದ್ದೂರಿನ ನ್ಯಾಯಾಲಯಕ್ಕೇ ಹೋಗಬೇಕಿಲ್ಲ. ತಾನು ತಾತ್ಕಾಲಿಕವಾಗಿ ವಾಸವಿರುವ ಸ್ಥಳದ ಮ್ಯಾಜಿಸ್ಟ್ರೇಟರ ಮುಂದೆ, ಅಂದರೆ ನಂಜನಗೂಡಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ (ಜೆಎಂಎಫ್‌ಸಿ) ನ್ಯಾಯಾಲಯದಲ್ಲೇ, ಅರ್ಜಿ ಸಲ್ಲಿಸಲು 27ನೇ ಕಲಂ ಅವಕಾಶ ಕೊಡುತ್ತದೆ. ಅರ್ಜಿ ಬಂದ ಮೇಲೆ ಮೊದಲ ವಿಚಾರಣೆಯ ದಿನಾಂಕ ಸಾಮಾನ್ಯವಾಗಿ ಮೂರು ದಿನಗಳನ್ನು ಮೀರಬಾರದು. ಮೊದಲ ವಿಚಾರಣೆಯಿಂದ ಅರವತ್ತು ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕು. ತುರ್ತು ಕಂಡುಬಂದರೆ ಆಕೆಯ ಪ್ರಮಾಣಪತ್ರವನ್ನೇ ಆಧರಿಸಿ, ಎದುರು ಪಕ್ಷವನ್ನು ಕೇಳುವ ಮೊದಲೇ ಏಕಪಕ್ಷೀಯ ಮಧ್ಯಂತರ ಆದೇಶ ಕೊಡಲು 23ನೇ ಕಲಮಿನಲ್ಲಿ ಅಧಿಕಾರವಿದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ನೇಮಿಸುತ್ತದೆ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಈ ನೆರವು ಪಡೆಯಲು ಆದಾಯದ ಮಿತಿ ಇಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ.

ಹಣದ ವಿಷಯದಲ್ಲಿ ಮಂಡ್ಯದವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಾಲು ಈ ಕಾಯ್ದೆಯಲ್ಲಿದೆ. ಜೀವನಾಂಶವನ್ನು ಗಂಡ ಪಾವತಿಸದಿದ್ದರೆ ಅವನ ಮಾಲೀಕರಿಂದ, ಅಥವಾ ಅವನಿಗೆ ಹಣ ಕೊಡಬೇಕಾಗಿರುವ ಯಾರಿಂದಲೇ ಆಗಲಿ, ಆ ಹಣದ ಒಂದು ಪಾಲನ್ನು ನೇರವಾಗಿ ಹೆಂಡತಿಗೆ ಕೊಡಿಸಬಹುದು ಅಥವಾ ನ್ಯಾಯಾಲಯದಲ್ಲಿ ಠೇವಣಿ ಇಡಿಸಬಹುದು ಎನ್ನುತ್ತದೆ 20ನೇ ಕಲಮಿನ ಆರನೇ ಉಪಕಲಂ. ಸಂಬಳದಾರ ಗಂಡನಿಗೆ ಇದು ಅನ್ವಯಿಸುವುದು ಸ್ಪಷ್ಟ. ಆದರೆ ‘ನಾನು ರೈತ, ನನಗೆ ತಿಂಗಳ ಸಂಬಳವಿಲ್ಲ’ ಎಂಬ ವಾದಕ್ಕೂ ಅಲ್ಲಿ ಉತ್ತರವಿದೆ ಎಂದು ಆ ಮಾತುಗಳನ್ನು ಓದಿದವರಿಗೆ ಹೊಳೆಯುತ್ತದೆ: ಕಬ್ಬು ಅರೆದು ಬಾಕಿ ಉಳಿಸಿಕೊಂಡಿರುವ ಸಕ್ಕರೆ ಕಾರ್ಖಾನೆ ಆ ರೈತನಿಗೆ ಹಣ ಕೊಡಬೇಕಾದ ಸಂಸ್ಥೆಯೇ ಅಲ್ಲವೇ? ಅರ್ಜಿಯಲ್ಲಿ ಕಾರ್ಖಾನೆಯ ಹೆಸರನ್ನೂ ಕಬ್ಬು ಸರಬರಾಜಿನ ವಿವರವನ್ನೂ ಬರೆದು, ಈ ಉಪಕಲಮಿನಡಿ ಆದೇಶವನ್ನು ಸ್ಪಷ್ಟವಾಗಿ ಕೇಳಿಕೊಳ್ಳುವುದು ವಕೀಲರ ಕೆಲಸ.

ಈಗ ಮನೆಯ ಪ್ರಶ್ನೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ತವರು ಹೇಳುತ್ತದೆ; ‘ಮನೆ ನನ್ನ ಹೆಸರಿನಲ್ಲಿದೆ’ ಎಂದು ಮಾವ ಹೇಳುತ್ತಾನೆ. ಹೆಣ್ಣಿಗೆ ಎರಡೂ ಕಡೆ ಬಾಗಿಲು ಮುಚ್ಚುವ ಈ ಸ್ಥಿತಿಯನ್ನು ಬದಲಿಸಲೆಂದೇ 17ನೇ ಕಲಂ ಬಂದದ್ದು. ಆಸ್ತಿಯಲ್ಲಿ ಹಕ್ಕು, ಪಾಲು ಇರಲಿ ಇಲ್ಲದಿರಲಿ, ಕೌಟುಂಬಿಕ ಸಂಬಂಧದಲ್ಲಿರುವ ಪ್ರತಿ ಮಹಿಳೆಗೂ ಕುಟುಂಬವು ಕೂಡಿ ಬಾಳುವ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಕೊಟ್ಟಿತು. ಆದರೆ ಕಾಯ್ದೆ ಜಾರಿಯಾಗಿ ಹೆಚ್ಚು ದಿನ ಕಳೆಯುವ ಮೊದಲೇ ಸುಪ್ರೀಂ ಕೋರ್ಟಿನ ಒಂದು ತೀರ್ಪು ಆ ಹಕ್ಕನ್ನು ಕಿರಿದುಗೊಳಿಸಿತು. ಗಂಡನಿಗೆ ಸೇರಿದ, ಅವನು ಬಾಡಿಗೆಗೆ ಪಡೆದ, ಅಥವಾ ಅವನು ಸದಸ್ಯನಾಗಿರುವ ಅವಿಭಕ್ತ ಕುಟುಂಬದ ಮನೆಯಾದರೆ ಮಾತ್ರ ಸರಿ, ಅತ್ತೆಮಾವಂದಿರ ಸ್ವಂತ ಆಸ್ತಿಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲ ಎಂದು ಆ ತೀರ್ಪು ಹೇಳಿತು. ನಮ್ಮ ಹಳ್ಳಿಗಳಲ್ಲಿ ಖಾತೆ, ಪಹಣಿ ಎಲ್ಲವೂ ಬಹುಪಾಲು ಹಿರಿಯರ ಹೆಸರಿನಲ್ಲೇ ಇರುವಾಗ ಇದರ ಪರಿಣಾಮ ಎಷ್ಟು ದೊಡ್ಡದಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ತಳ್ಳಿಹಾಕಿತು. ಮನೆ ಯಾರ ಹೆಸರಿನಲ್ಲಿದೆ ಎಂಬುದಕ್ಕಿಂತ, ಅಲ್ಲಿ ಆಕೆ ಸಂಸಾರ ಮಾಡಿದ್ದಳೇ ಎಂಬುದು ಮುಖ್ಯವಾಯಿತು.

ಆ ದಾರಿಯನ್ನು ಇನ್ನಷ್ಟು ಮುಂದಕ್ಕೆ ಒಯ್ದದ್ದು ನ್ಯಾಯಮೂರ್ತಿ ಎಂ.ಆರ್. ಷಾ ಅವರೊಂದಿಗೆ ನ್ಯಾಯಮೂರ್ತಿ ನಾಗರತ್ನ ಇದ್ದ ಪೀಠ, 2022ರ ಮೇ 12ರಂದು. ಪ್ರಕರಣ ಉತ್ತರಾಖಂಡದ್ದು. 2005ರ ಜೂನ್‌ನಲ್ಲಿ ಮದುವೆಯಾದ ಯುವತಿಯ ಗಂಡ ಮರುತಿಂಗಳೇ ಅಪಘಾತದಲ್ಲಿ ತೀರಿಕೊಂಡ. ಗಂಡನ ಮನೆಯವರು ಆಕೆಗೆ ಜಾಗ ಕೊಡಲಿಲ್ಲ. ಮ್ಯಾಜಿಸ್ಟ್ರೇಟರು ಪರಿಹಾರ ಕೊಟ್ಟರೂ ಮೇಲಿನ ಎರಡು ನ್ಯಾಯಾಲಯಗಳು ಅದನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಮೂರು ಪ್ರಶ್ನೆಗಳನ್ನು ಎತ್ತಿಕೊಂಡು ಮೂರಕ್ಕೂ ಆಕೆಯ ಪರವಾಗಿ ಉತ್ತರಿಸಿತು. ದೌರ್ಜನ್ಯ ನಡೆದಾಗ ಆ ಮನೆಯಲ್ಲಿ ಆಕೆ ವಾಸ್ತವವಾಗಿ ವಾಸವಿದ್ದಿರಲೇಬೇಕು ಎಂದಿಲ್ಲ. ಕೌಟುಂಬಿಕ ಸಂಬಂಧದ ಕಾರಣದಿಂದ ಅಲ್ಲಿ ವಾಸಿಸುವ ಹಕ್ಕು ಇದ್ದರೆ ಸಾಕು. ಅರ್ಜಿ ಹಾಕುವ ದಿನದಂದೇ ಆ ಸಂಬಂಧ ಜೀವಂತವಾಗಿರಬೇಕು ಎಂದೂ ಇಲ್ಲ. ಹಿಂದೆ ಎಂದಾದರೂ ಇದ್ದಿದ್ದರೆ ಸಾಕು.

ಮೂರನೆಯ ಉತ್ತರ ನೋಡಲು ತಾಂತ್ರಿಕವಾದದ್ದು, ಆದರೆ ತಾಲ್ಲೂಕು ಮಟ್ಟದಲ್ಲಿ ಅತ್ಯಂತ ಪ್ರಯೋಜನಕ್ಕೆ ಬಂದದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಎಂಬ ಹುದ್ದೆಯಿದೆ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ಅಂದರೆ ಜನ ‘ಸಿಡಿಪಿಒ’ ಎಂದು ಕರೆಯುವವರಿಗೆ, ವಹಿಸಲಾಯಿತು. ನೊಂದ ಮಹಿಳೆಯ ಹೇಳಿಕೆಯನ್ನು ನಮೂನೆಯಲ್ಲಿ ತುಂಬಿಸಿ ಕೌಟುಂಬಿಕ ಘಟನಾ ವರದಿ ಸಿದ್ಧಪಡಿಸುವುದು, ನೋಟಿಸ್ ಜಾರಿ ಮಾಡಿಸುವುದು, ವೈದ್ಯಕೀಯ ತಪಾಸಣೆಗೆ ಕಳುಹಿಸುವುದು, ಆಶ್ರಯ ಕಲ್ಪಿಸುವುದು ಅವರ ಕೆಲಸ. ಅಂಗನವಾಡಿಗಳ ಉಸ್ತುವಾರಿಯನ್ನೂ ಹೊತ್ತ ಅಧಿಕಾರಿಗೆ ಇದು ಹೆಚ್ಚುವರಿ ಕೆಲಸವಾದಾಗ ವರದಿ ತಡವಾಗುತ್ತದೆ. ವರದಿಯಿಲ್ಲದೆ ಆದೇಶ ಕೊಡಬಹುದೇ ಎಂಬ ಬಗ್ಗೆ ಬೇರೆ ಬೇರೆ ಹೈಕೋರ್ಟುಗಳು ಬೇರೆ ಬೇರೆ ಮಾತು ಹೇಳಿದ್ದವು. ವರದಿ ಬಂದಿದ್ದರೆ ಮ್ಯಾಜಿಸ್ಟ್ರೇಟರು ಅದನ್ನು ಪರಿಗಣಿಸಬೇಕು, ಬಂದಿಲ್ಲವೆಂದು ಅರ್ಜಿಯನ್ನು ತಡೆಹಿಡಿಯಬೇಕಿಲ್ಲ ಎಂದು 2022ರ ತೀರ್ಪು ಸ್ಪಷ್ಟಪಡಿಸಿತು. ಇದರಿಂದ ಮೂರು ದಿನಗಳ ಗಡುವಿಗೆ ಅರ್ಥ ಬಂತು. ವರದಿಯ ಹೆಸರಿನಲ್ಲಿ ವಾಯಿದೆಯ ಮೇಲೆ ವಾಯಿದೆ ಕೊಡುವುದಕ್ಕೆ ಇದ್ದ ಕಾರಣ ಇಲ್ಲವಾಯಿತು.

ಆದರೂ ಅಧಿಕಾರಿಯಿಲ್ಲದೆ ಆದೇಶ ಜಾರಿಗೆ ಬರುವುದು ಕಷ್ಟ. ಆದೇಶದ ಪ್ರತಿ ಹಿಡಿದು ಮದ್ದೂರಿನ ಆ ಮನೆಯ ಬಾಗಿಲಿಗೆ ಹೆಣ್ಣುಮಗಳೊಬ್ಬಳೇ ಹೋಗಿ ನಿಲ್ಲಲಾಗುವುದಿಲ್ಲ. ಕಾಯ್ದೆಯ ಅನುಷ್ಠಾನದ ಕೊರತೆಗಳ ಕುರಿತು ಸ್ವಯಂಸೇವಾ ಸಂಸ್ಥೆಯೊಂದು ಹೂಡಿದ್ದ ಅರ್ಜಿಯಲ್ಲಿ ನ್ಯಾಯಮೂರ್ತಿಗಳಾದ ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ 2025ರ ಮೇ 20ರಂದು ನೀಡಿದ ನಿರ್ದೇಶನ ಈ ಕಾರಣಕ್ಕೆ ಮಹತ್ವದ್ದು. ಸಂರಕ್ಷಣಾಧಿಕಾರಿಗಳನ್ನು ಇನ್ನೂ ಗೊತ್ತುಪಡಿಸದಿರುವ ಕಡೆ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ ಆರು ವಾರಗಳೊಳಗೆ ಗೊತ್ತುಪಡಿಸಬೇಕು, ಕಾಯ್ದೆಯ ಬಗ್ಗೆ ಪ್ರಚಾರ ನಡೆಸಬೇಕು, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು ಮಹಿಳೆಯರಿಗೆ ತಿಳಿಸಬೇಕು ಎಂದು ಅದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಇಂತಹ ಆದೇಶಗಳು ಪತ್ರಿಕೆಗಳಲ್ಲಿ ಒಂದು ಅಂಕಣದ ಸುದ್ದಿಯಾಗಿ ಮುಗಿಯುತ್ತವೆ. ಹುದ್ದೆಗಳನ್ನು ತುಂಬಿಸುವ ಇಂತಹ ನೀರಸವಾದ ಕೆಲಸದಲ್ಲೇ ನ್ಯಾಯಾಲಯ ಸುಧಾರಣೆಯ ಬಹುಭಾಗ ಅಡಗಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಜೀವನಾಂಶದ ವಿಷಯದಲ್ಲಿ ತಂದೆಗೂ ಮಗಳಿಗೂ ನಡುವೆ ಒಂದು ಅಪರೂಪದ ಕೊಂಡಿಯಿದೆ. 1985ರ ಏಪ್ರಿಲ್ 23ರಂದು ಶಾ ಬಾನೊ ಪ್ರಕರಣದ ತೀರ್ಪು ಕೊಟ್ಟ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ವೆಂಕಟರಾಮಯ್ಯ ಅವರೂ ಇದ್ದರು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶದ ಹಕ್ಕಿದೆ ಎಂದು ಆ ಪೀಠ ಹೇಳಿತ್ತು. ಮರುವರ್ಷ ಸಂಸತ್ತು ಪ್ರತ್ಯೇಕ ಕಾಯ್ದೆ ತಂದ ಮೇಲೆ ಆ ಹಕ್ಕು ಉಳಿದಿದೆಯೇ ಎಂಬ ಗೊಂದಲ ದಶಕಗಳ ಕಾಲ ಮುಂದುವರಿಯಿತು. 2024ರ ಜುಲೈ 10ರಂದು, ಹಕ್ಕು ಉಳಿದಿದೆ ಎಂದು ತೀರ್ಮಾನಿಸಿದ ಇಬ್ಬರಲ್ಲಿ ನಾಗರತ್ನ ಒಬ್ಬರು. ಇನ್ನೊಬ್ಬರು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್. ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ನಾಗರತ್ನ ಅವರು ಎಲ್ಲ ಧರ್ಮದ ಗೃಹಿಣಿಯರ ಸ್ಥಿತಿಯನ್ನು ಮುಂದಿಟ್ಟರು. ಸ್ವಂತ ಆದಾಯವಿಲ್ಲದ ಹೆಂಡತಿಗೆ ಗಂಡ ಹಣಕಾಸಿನ ಭದ್ರತೆ ಕೊಡಬೇಕು, ಜಂಟಿ ಬ್ಯಾಂಕ್ ಖಾತೆ, ಎಟಿಎಂ ಕಾರ್ಡಿನಂತಹ ಸೌಲಭ್ಯ ಆಕೆಯ ಕೈಗೆ ಸಿಗಬೇಕು ಎಂದು ಬರೆದರು. 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ನಮ್ಮ ಉದಾಹರಣೆಯ ಹೆಣ್ಣುಮಗಳು ಡಿ.ವಿ. ಅರ್ಜಿಯ ಜೊತೆಗೆ ಅದರಡಿಯಲ್ಲೂ ಅರ್ಜಿ ಹಾಕಬಹುದು. ಒಂದರಲ್ಲಿ ಸಿಕ್ಕ ಹಣವನ್ನು ಇನ್ನೊಂದರಲ್ಲಿ ತಿಳಿಸಬೇಕು, ನ್ಯಾಯಾಲಯ ಅದನ್ನು ಹೊಂದಿಸಿಕೊಳ್ಳುತ್ತದೆ.

ಕಾಯ್ದೆಗಳ ದುರುಪಯೋಗವಾಗುತ್ತದೆ ಎಂಬ ದೂರು ಮಂಡ್ಯದ ಜಗಲಿಯಲ್ಲೂ ಕೇಳುತ್ತದೆ, ದೆಹಲಿಯ ನ್ಯಾಯಾಲಯದಲ್ಲೂ ಕೇಳುತ್ತದೆ. 2024ರ ಡಿಸೆಂಬರ್ 10ರಂದು ನಾಗರತ್ನ ಮತ್ತು ಎನ್. ಕೋಟೀಶ್ವರ್ ಸಿಂಗ್ ಅವರ ಪೀಠ ಒಂದು 498ಎ ಮೊಕದ್ದಮೆಯನ್ನೇ ರದ್ದುಪಡಿಸಿತು. ಯಾರು, ಯಾವಾಗ, ಏನು ಮಾಡಿದರು ಎಂಬ ನಿರ್ದಿಷ್ಟ ವಿವರವಿಲ್ಲದೆ ಗಂಡನ ಇಡೀ ಕುಟುಂಬದ ಹೆಸರು ಸೇರಿಸುವ ಪ್ರವೃತ್ತಿಯನ್ನು ಅದು ಟೀಕಿಸಿತು. ಹಾಗೆಂದು ಕ್ರೌರ್ಯ ಅನುಭವಿಸಿದ ಮಹಿಳೆ ಸುಮ್ಮನಿರಬೇಕು ಎಂದು ಅರ್ಥವಲ್ಲ ಎಂದೂ ಅದೇ ತೀರ್ಪಿನಲ್ಲಿ ಹೇಳಿತು. ಅರ್ಜಿ ಬರೆಯುವವರು ಇದರಿಂದ ಕಲಿಯಬೇಕಾದದ್ದು ಸರಳ: ದಿನಾಂಕ, ಸ್ಥಳ, ಮಾಡಿದವರ ಹೆಸರು, ಆಸ್ಪತ್ರೆಯ ಚೀಟಿ ಇರಬೇಕು, ಮದುವೆಯಾಗಿ ಬೇರೆ ಊರಿನಲ್ಲಿರುವ ನಾದಿನಿಯ ಹೆಸರನ್ನು ಸುಮ್ಮನೆ ಎಳೆದು ತಂದರೆ ನಿಜವಾದ ದೂರಿನ ಬಲವೇ ಕುಗ್ಗುತ್ತದೆ.

ಇನ್ನು ಮಕ್ಕಳು. ಮದ್ದೂರಿನ ಮನೆಯಲ್ಲಿ ಉಳಿದುಹೋದ ಏಳು ವರ್ಷದ ಮಗಳ ವಿಷಯವನ್ನು ಯಾರು ತೀರ್ಮಾನಿಸಬೇಕು ಎಂಬುದು ಈ ಇಡೀ ವ್ಯವಸ್ಥೆಯ ಅತ್ಯಂತ ಜಟಿಲವಾದ ಭಾಗ. ಡಿ.ವಿ. ಅರ್ಜಿಯಲ್ಲೇ 21ನೇ ಕಲಮಿನಡಿ ಮಗುವನ್ನು ತಾತ್ಕಾಲಿಕವಾಗಿ ತಾಯಿಯ ಸುಪರ್ದಿಗೆ ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ತಂದೆಯ ಭೇಟಿಯಿಂದ ಮಗುವಿಗೆ ಹಾನಿಯಾಗಬಹುದು ಎನ್ನಿಸಿದರೆ ಭೇಟಿಯನ್ನು ನಿರಾಕರಿಸಲೂಬಹುದು. ಆದರೆ ಶಾಶ್ವತವಾದ ಪಾಲನೆಯ ಪ್ರಶ್ನೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತದೆ. ಮಗುವಿನ ಮೇಲೇ ಹಲ್ಲೆಯಾಗಿದ್ದರೆ, ಅಥವಾ ತಂದೆತಾಯಿ ಇಬ್ಬರಿಂದಲೂ ಅದರ ರಕ್ಷಣೆ ಸಾಧ್ಯವಿಲ್ಲದಿದ್ದರೆ, ಅದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’. ಅಂತಹ ಮಗುವನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಹೊಂದಿರುವ ಪೀಠವೇ ಹೊರತು ಸಲಹಾ ಮಂಡಳಿಯಲ್ಲ. ಹೀಗೆ ಒಂದೇ ಮನೆಯ ಜಗಳ ಮೂರು ಕಡೆ ಮೂರು ಕಡತಗಳಾಗಬಹುದು. ಮೂವರಲ್ಲಿ ಒಬ್ಬರಿಗೆ ಇನ್ನೊಬ್ಬರ ಆದೇಶ ತಿಳಿಯದಿದ್ದರೆ ಮಗು ಅತ್ತಿಂದಿತ್ತ ಅಲೆಯಬೇಕಾಗುತ್ತದೆ. ಆದ್ದರಿಂದ ಪ್ರತಿ ಅರ್ಜಿಯಲ್ಲೂ ಉಳಿದ ಪ್ರಕರಣಗಳ ಸಂಖ್ಯೆಯನ್ನೂ ಆದೇಶದ ಪ್ರತಿಯನ್ನೂ ಸೇರಿಸುವುದು ಅತ್ಯಗತ್ಯ.

ಮಕ್ಕಳ ವಿಷಯದಲ್ಲಿ ನಾಗರತ್ನ ಅವರ ದೃಷ್ಟಿ ಹೈಕೋರ್ಟಿನಲ್ಲಿದ್ದಾಗಲೇ ಸ್ಪಷ್ಟವಾಗಿತ್ತು. ವಿದ್ಯುತ್ ಪ್ರಸರಣ ನಿಗಮದ ಮೃತ ನೌಕರರೊಬ್ಬರ ಎರಡನೇ ಹೆಂಡತಿಯ ಮಗನಿಗೆ ಅನುಕಂಪದ ನೌಕರಿ ನಿರಾಕರಿಸಿದ ಪ್ರಕರಣದಲ್ಲಿ, 2021ರಲ್ಲಿ, ನ್ಯಾಯಮೂರ್ತಿ ಹಂಚಾಟೆ ಸಂಜೀವ್‌ಕುಮಾರ್ ಅವರೊಂದಿಗಿನ ಪೀಠ ಆ ನಿರಾಕರಣೆಯನ್ನು ಒಪ್ಪಲಿಲ್ಲ. ತನ್ನ ಹುಟ್ಟಿನಲ್ಲಿ ಮಗುವಿನ ಪಾತ್ರವೇನೂ ಇಲ್ಲದಿರುವಾಗ, ತಂದೆತಾಯಿಯ ಸಂಬಂಧ ಕಾನೂನುಬದ್ಧವಲ್ಲ ಎಂಬ ಕಾರಣಕ್ಕೆ ಮಗುವನ್ನು ಹೊರಗಿಡುವುದು ಸರಿಯಲ್ಲ ಎಂಬುದು ಅದರ ತಿರುಳು. ಮುಂದೆ ಅವರು ಸುಪ್ರೀಂ ಕೋರ್ಟಿನ ಬಾಲನ್ಯಾಯ ಸಮಿತಿಯ ಅಧ್ಯಕ್ಷರಾದರು. ಮೊಕದ್ದಮೆಗಳನ್ನು ತೀರ್ಮಾನಿಸುವುದು ಆ ಸಮಿತಿಯ ಕೆಲಸವಲ್ಲ. ಹೈಕೋರ್ಟುಗಳ ಸಮಿತಿಗಳ ಮೂಲಕ ರಾಜ್ಯಗಳ ಬಾಲನ್ಯಾಯ ವ್ಯವಸ್ಥೆಯ ಮೇಲೆ ಕಣ್ಣಿಡುವುದು, ಇಲಾಖೆಗಳನ್ನು ಒಂದೆಡೆ ಕೂರಿಸಿ ವರ್ಷಕ್ಕೊಮ್ಮೆ ರಾಷ್ಟ್ರೀಯ ಸಮಾಲೋಚನೆ ನಡೆಸುವುದು ಅದರ ಕೆಲಸ. 2024ರಲ್ಲಿ ಅಂಗವೈಕಲ್ಯವಿರುವ ಮಕ್ಕಳು, 2025ರಲ್ಲಿ ಹೆಣ್ಣುಮಕ್ಕಳ ಸುರಕ್ಷತೆ ಅದರ ವಿಷಯಗಳಾಗಿದ್ದವು. ಇದಕ್ಕೂ ಮೊದಲು 2018ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ, ಬಾಲನ್ಯಾಯ ಮಂಡಳಿ ಮತ್ತು ಮಕ್ಕಳ ಕಲ್ಯಾಣ ಸಮಿತಿಗಳ ಖಾಲಿ ಹುದ್ದೆಗಳನ್ನು ತುಂಬುವಂತೆ ನಿರ್ದೇಶಿಸಿ, ಪ್ರತಿ ಹೈಕೋರ್ಟೂ ಬಾಲನ್ಯಾಯ ಕಾಯ್ದೆಯ ಜಾರಿಯ ಬಗ್ಗೆ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಳ್ಳುವಂತೆ ಕೇಳಿಕೊಂಡಿತ್ತು.

ಬಾಲಮಂದಿರಕ್ಕೆ ಸೇರಿಸುವುದು ಕೊನೆಯ ಆಯ್ಕೆಯಾಗಿರಬೇಕು, ಮಗುವಿನ ಮೊದಲ ಜಾಗ ಕುಟುಂಬ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲೊಂದು. ಹಿಂಸೆಯಿಂದ ತಪ್ಪಿಸಿಕೊಂಡು ಬಂದ ತಾಯಂದಿರ ಸಂದರ್ಭದಲ್ಲಿ ಇದಕ್ಕೆ ಬಹಳ ಪ್ರಾಯೋಗಿಕ ಅರ್ಥವಿದೆ. ‘ಸಾಕಲು ಆಗುವುದಿಲ್ಲ, ಹಾಸ್ಟೆಲಿಗೋ ಬಾಲಮಂದಿರಕ್ಕೋ ಸೇರಿಸಿ’ ಎಂದು ತಾಯಿ ಬೇಡಿಕೊಂಡಾಗ, ಆಕೆಯ ಬಡತನಕ್ಕೆ ಮಗುವನ್ನು ದೂರ ಮಾಡುವುದು ಉತ್ತರವಲ್ಲ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗು ಮನೆಯಲ್ಲೇ ಬೆಳೆಯುವಂತೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ವಿಧವೆಯರ, ವಿಚ್ಛೇದಿತರ, ಗಂಡ ತೊರೆದವರ ಮಕ್ಕಳು ಆ ಪಟ್ಟಿಯಲ್ಲಿ ಸೇರುತ್ತಾರೆ. ಕುಟುಂಬದ ಆದಾಯಕ್ಕೆ ಮಿತಿಯಿದೆ, ಮತ್ತು ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ತುರ್ತಿಗೆ ಮಕ್ಕಳ ಸಹಾಯವಾಣಿ 1098, ಮಹಿಳೆಯರ ಸಹಾಯವಾಣಿ 181, ಕಾನೂನು ನೆರವಿಗೆ 15100. ನಂಜನಗೂಡಿಗೆ ಬಂದ ಆ ತಾಯಿ ಮ್ಯಾಜಿಸ್ಟ್ರೇಟರಿಗೆ ಕೊಡುವ ಅರ್ಜಿಯಲ್ಲಿ ಮಗಳ ತಾತ್ಕಾಲಿಕ ಸುಪರ್ದಿಯನ್ನು ಮೊದಲ ದಿನವೇ ಕೇಳಬೇಕು, ಮಗಳ ಶಾಲೆಯ ವರ್ಗಾವಣೆ ಪತ್ರ ಕೊಡಿಸುವಂತೆಯೂ ಅದೇ ಅರ್ಜಿಯಲ್ಲಿ ಬೇಡಿಕೊಳ್ಳಬೇಕು. ಶಾಲೆ ತಪ್ಪಿದ ಮಗುವಿಗೆ ಅರವತ್ತು ದಿನ ಎಂದರೆ ಶೈಕ್ಷಣಿಕ ವರ್ಷದ ದೊಡ್ಡ ಪಾಲು.